ಹೊಸ ಟ್ಯಾಟೂ ಸುತ್ತ ಚರ್ಮ ಕೆರಳಿದಾಗ ನಾನು ಮಾಡಿದ್ದು

ಹೊಸ ಟ್ಯಾಟೂ ಕೆಂಪಾದರೆ, ಎಲ್ಲಿ ಕೆಂಪಾಗಿದೆ ಅಂತ ಮೊದಲು ನೋಡಿ. ನಾನು ಮೈಸೂರಿನಲ್ಲಿ ಬಲಗೈ ಮೇಲೆ, ಮೊಣಕೈಗಿಂತ ಕೆಳಗೆ, ಹಳ್ಳಿಕಾರ್ ಎತ್ತಿನ ಮುಖ ಹಾಕಿಸಿದ್ದೆ. ಹಾಕಿದವರು ಮೇಲೆ ಸೆಕೆಂಡ್ ಸ್ಕಿನ್ ಅಂತ ಕರೆಯುವ ತೆಳು ಪಾರದರ್ಶಕ ಪ್ಲಾಸ್ಟರ್ ಅಂಟಿಸಿ ಕಳಿಸಿದರು. ಮಂಡ್ಯಕ್ಕೆ ಬಂದ ಮೇಲೆ ನವೆ ಶುರುವಾಯಿತು. ಎತ್ತಿನ ಮುಖದಲ್ಲಿ ಏನೂ ತೊಂದರೆ ಇರಲಿಲ್ಲ. ಆದರೆ ಪ್ಲಾಸ್ಟರ್ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಚೌಕವಾಗಿ ಕೆಂಪು, ಅದರ ತುಂಬ ಸಣ್ಣ ಸಣ್ಣ ಗುಳ್ಳೆ.

ಆ ಚೌಕವೇ ಕಾರಣ ಹೇಳುತ್ತಿತ್ತು. ಸೋಂಕು ಪ್ಲಾಸ್ಟರಿನ ಅಂಚು ನೋಡಿಕೊಂಡು ನಿಲ್ಲುವುದಿಲ್ಲ, ಅಲ್ವಾ? ಸೋಂಕಾದರೆ ಕೆಂಪು ಹರಡುತ್ತದೆ, ಮುಟ್ಟಿದರೆ ಬಿಸಿ, ನೋವು ದಿನದಿಂದ ದಿನಕ್ಕೆ ಜಾಸ್ತಿ, ಕೀವು, ಕೆಲವರಿಗೆ ಜ್ವರ. ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಹತ್ತುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ನನಗೆ ನವೆ ವಿಪರೀತ, ನೋವು ಕಡಿಮೆ. ಅಂಟಿಗೆ ಚರ್ಮ ಕೆರಳಿತ್ತು. ಆದರೂ ಬಾಲ್ ಪೆನ್ನಿನಲ್ಲಿ ಕೆಂಪಿನ ಅಂಚಿಗೆ, ಟ್ಯಾಟೂಯಿಂದ ದೂರದಲ್ಲಿ, ಗೆರೆ ಹಾಕಿ ಇಟ್ಟೆ. ಬೆಳಿಗ್ಗೆ ಎದ್ದಾಗ ಕೆಂಪು ಆ ಗೆರೆ ದಾಟಿದೆಯಾ ಇಲ್ಲವಾ ಅಂತ ಗೊತ್ತಾಗುತ್ತದೆ. ದಿನಾ ಒಂದೇ ಕಿಟಕಿ ಬೆಳಕಿನಲ್ಲಿ ಫೋಟೋನೂ ತೆಗೆದೆ, ಯಾಕೆಂದರೆ ನವೆ ಇರುವಾಗ ನಮ್ಮ ಕಣ್ಣಿಗೆ ಎಲ್ಲವೂ ಜಾಸ್ತಿಯಾಗಿಯೇ ಕಾಣುತ್ತದೆ.

ಪ್ಲಾಸ್ಟರನ್ನು ಎಳೆದು ಕೀಳಲಿಲ್ಲ. ಉಗುರುಬೆಚ್ಚಗಿನ ನೀರು ಬಿಡುತ್ತಾ, ಒಂದು ತುದಿ ಹಿಡಿದು, ಮೇಲಕ್ಕೆತ್ತದೆ ಚರ್ಮಕ್ಕೆ ಸಮವಾಗಿ ಉದ್ದಕ್ಕೆ ಹಿಗ್ಗಿಸುತ್ತಾ ಹೋದರೆ ಅಂಟು ತಾನಾಗಿಯೇ ಬಿಡುತ್ತದೆ. ಒಳಗೆ ಕಪ್ಪು ನೀರು ನಿಂತಿತ್ತು. ಅದು ಗಾಯದ ರಸ ಮತ್ತು ಸ್ವಲ್ಪ ಶಾಯಿ, ನೋಡಿ ಗಾಬರಿಯಾಗಬೇಡಿ. ಶಾಯಿ ನಿಜವಾಗಿ ಕೂರುವುದು ಮೇಲ್ಪದರದ ಕೆಳಗೆ, ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿ. ಅದು ತೊಳೆದರೆ ಹೋಗುವುದಿಲ್ಲ.

ಆಮೇಲೆ ಶುರುವಾಯಿತು ಸಲಹೆ. ಅಜ್ಜಿ ಕೈ ತುಂಬ ಹಚ್ಚೆ ಇರುವವರು. ಅವರು "ಒಸಿ ಅರಿಸ್ನ, ಹರಳೆಣ್ಣೆ ಹಚ್ಚು ಮಗ" ಅಂದರು. ಗೆಳೆಯ ಡೆಟಾಲ್ ಅಂದ. ಇನ್ನೊಬ್ಬ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದೇ ಬಿಟ್ಟ. ಎಲ್ಲರದೂ ಪ್ರೀತಿಯೇ. ಅಜ್ಜಿಗೆ "ಚರ್ಮ ಒಣಗಲಿ ಅಜ್ಜಿ, ಆಮೇಲೆ ನೋಡೋಣ" ಅಂದೆ. ಚರ್ಮ ಈಗಾಗಲೇ ಒಂದಕ್ಕೆ ಸಿಟ್ಟಾಗಿರುವಾಗ ಅದರ ಮೇಲೆ ಇನ್ನು ನಾಲ್ಕು ಹಚ್ಚಿದರೆ ಯಾವುದರಿಂದ ಏನಾಯಿತು ಅಂತ ಯಾವ ಡಾಕ್ಟರೂ ಹೇಳಲಾರರು. ಅರಿಶಿನಕ್ಕೂ ಕೆಲವರಿಗೆ ಅಲರ್ಜಿ ಬರುತ್ತದೆ. ನಿಯೋಮೈಸಿನ್ ಅನ್ನುವ ಆಂಟಿಬಯೋಟಿಕ್ ಇರುವ ಮುಲಾಮಿಗಂತೂ ಬಹಳ ಜನಕ್ಕೆ ಆಗುವುದಿಲ್ಲ. ಗೆಳೆಯ ತಂದಿದ್ದರಲ್ಲಿ ಸ್ಟೆರಾಯ್ಡ್ ಬೆರೆತಿತ್ತು. ಅಂಥದ್ದು ಕೆಂಪನ್ನು ಬೇಗ ಇಳಿಸುತ್ತದೆ ನಿಜ, ಆದರೆ ತೆರೆದ ಗಾಯ ಮಾಯುವುದನ್ನು ನಿಧಾನ ಮಾಡುತ್ತದೆ. ಟ್ಯಾಟೂ ಅಂದರೆ ತೆರೆದ ಗಾಯವೇ.

ನಾನು ಮಾಡಿದ್ದು ಇಷ್ಟೇ. ಕೈ ಚೆನ್ನಾಗಿ ತೊಳೆದುಕೊಂಡು, ಬೆಳಿಗ್ಗೆ ರಾತ್ರಿ ಉಗುರುಬೆಚ್ಚಗಿನ ನೀರು, ಘಮ ಇಲ್ಲದ ಸೋಪು, ಬೆರಳಿನಿಂದಲೇ ಮೆಲ್ಲಗೆ. ನಮ್ಮ ಮನೆಯಲ್ಲಿ ಎಲ್ಲರೂ ಮೈಸೂರು ಸ್ಯಾಂಡಲ್ ಬಳಸುವವರು, ಆದರೆ ಪರಿಮಳ ಇರುವ ಯಾವ ಸೋಪೂ ಗಾಯಕ್ಕೆ ಬೇಡ. ಟವೆಲ್ ಮುಟ್ಟಲಿಲ್ಲ, ಹಳೇ ಪಂಚೆ ಹರಿದು ಕುದಿಸಿ ಒಣಗಿಸಿದ ತುಂಡುಗಳಿದ್ದವು, ಅದರಲ್ಲಿ ಒತ್ತಿ ನೀರು ತೆಗೆದು, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಪರಿಮಳವಿಲ್ಲದ ವ್ಯಾಸಲೀನ್ ಬಹಳ ತೆಳ್ಳಗೆ ಸವರಿದೆ. ದಪ್ಪ ಬಳಿದರೆ ನಮ್ಮ ಸೆಕೆಗೆ ಒಳಗೇ ಬೆವರು ನಿಲ್ಲುತ್ತದೆ. ನವೆ ತಡೆಯಲಾರದೆ ಹೋದಾಗ ಒದ್ದೆ ಬಟ್ಟೆ ತಣ್ಣಗೆ ಮಾಡಿ ಚೌಕದ ಮೇಲೆ ಇಟ್ಟೆ. ಕೆರೆಯಲಿಲ್ಲ. ಚರ್ಮರೋಗದ ಡಾಕ್ಟರಿಗೂ ತೋರಿಸಿದೆ; ಅವರು ನವೆಗೆ ಮಾತ್ರೆ ಕೊಟ್ಟು, ಒಂದು ಕ್ರೀಮನ್ನು ಟ್ಯಾಟೂ ಬಿಟ್ಟು ಸುತ್ತಲಿನ ಗಾಯವಿಲ್ಲದ ಚರ್ಮಕ್ಕೆ ಮಾತ್ರ ಹಚ್ಚಲು ಹೇಳಿದರು. ಕೆಂಪು ಪೆನ್ನಿನ ಗೆರೆ ದಾಟಲೇ ಇಲ್ಲ, ವಾರದೊಳಗೆ ಮಾಸುತ್ತಾ ಬಂತು.

ಕೊಟ್ಟಿಗೆ ಕೆಲಸ ಅಷ್ಟೂ ದಿನ ತಮ್ಮ ನೋಡಿಕೊಂಡ. ಸಗಣಿ, ಗಂಜಲ ಹಸಿ ಗಾಯಕ್ಕೆ ತಾಗಬಾರದು. ನಾಲೆಯಲ್ಲಿ ಈಜುವುದು, ಶ್ರೀರಂಗಪಟ್ಟಣದಲ್ಲಿ ಕಾವೇರಿ ಸ್ನಾನ, ಇವೆಲ್ಲ ಮೇಲ್ಪದರ ಪೂರ್ತಿ ಮುಚ್ಚುವ ತನಕ ಬೇಡ. ಅದಕ್ಕೆ ಸಾಮಾನ್ಯವಾಗಿ 2ರಿಂದ 4 ವಾರ.

ಸಿಪ್ಪೆ ಏಳುತ್ತಿದ್ದ ಹೊತ್ತಿಗೆ ಇನ್ನೊಂದು ಆಯಿತು. ಗದ್ದೆ ಬದುವಿನಲ್ಲಿ ಹೋಗುವಾಗ ಕಬ್ಬಿನ ಗರಿ ತೋಳಿಗೆ ಸವರಿ, ಎತ್ತಿನ ಕೊಂಬಿನ ಮೇಲೆ ಉದ್ದಕ್ಕೆ ಗೀರಿತು. ಅದರ ಅಂಚು ಎಷ್ಟು ಹರಿತ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ರಕ್ತ ಬಂತು. ಹರಿಯುವ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು, ಸೋಪು ಹಾಕಿ, ಗಾಜ್ ಬಟ್ಟೆಯಲ್ಲಿ ರಕ್ತ ನಿಲ್ಲುವ ತನಕ ಒತ್ತಿ ಹಿಡಿದೆ. ಅಂಟು ಪಟ್ಟಿ ನನಗೆ ಆಗುವುದಿಲ್ಲ ಅಂತ ಗೊತ್ತಾಗಿತ್ತಲ್ಲ, ಅದಕ್ಕೆ ವ್ಯಾಸಲೀನ್ ಸವರಿದ ಗಾಜ್ ಇಟ್ಟು ಮೇಲೆ ಸುತ್ತುವ ಬ್ಯಾಂಡೇಜ್ ಸಡಿಲವಾಗಿ ಸುತ್ತಿದೆ. ಗದ್ದೆಯಲ್ಲಾದ ಗಾಯ, ಆದ್ದರಿಂದ ಟಿಟಿ, ಅಂದರೆ ಧನುರ್ವಾಯು ತಡೆಯುವ ಇಂಜೆಕ್ಷನ್ ವಿಷಯ ವಿಚಾರಿಸಿದೆ. ಮಣ್ಣು ತಾಗಿದ ಗಾಯಕ್ಕೆ ಹಿಂದಿನ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಮತ್ತೆ ಹಾಕುತ್ತಾರೆ. ಹಾಕಿಸಿಕೊಂಡೆ. ಗೀರಿನ ಮೇಲೆ ಕಟ್ಟಿದ ಹೆಕ್ಕಳೆಯನ್ನು ಒಂದು ದಿನವೂ ಕೀಳಲಿಲ್ಲ. ಕಿತ್ತರೆ ಅದರ ಜೊತೆ ಶಾಯಿಯೂ ಬರುತ್ತದೆ.

ಆದರೂ ಕೊಂಬಿನ ಮೇಲೆ ಒಂದು ಬಿಳಿಚಿದ ಗೆರೆ ಉಳಿಯಿತು. ಟಚಪ್ ಮಾಡಿಸಲು ಅವಸರ ಪಡಲಿಲ್ಲ, ಮೇಲೆ ಒಣಗಿದ್ದರೂ ಒಳಗೆ ಮಾಯಲು ಎರಡು ಮೂರು ತಿಂಗಳು ಬೇಕು. ಹೋದಾಗ ಮೊದಲೇ "ಅಣ್ಣ, ನನಗೆ ಆ ಅಂಟು ಆಗುವುದಿಲ್ಲ, ಗಾಜ್ ಇಟ್ಟು ಸುತ್ತಿಬಿಡಿ" ಅಂದೆ. ಅವರು ಹಾಗೇ ಮಾಡಿದರು. ಈಗ ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಮುಂಚೆಯೂ ನರ್ಸಮ್ಮನಿಗೆ ಪ್ಲಾಸ್ಟರ್ ಅಲರ್ಜಿ ಇದೆ ಅಂತ ಹೇಳಿಬಿಡುತ್ತೇನೆ.