ಟಿಎಸ್‌ಎಚ್ ಜಾಸ್ತಿ ಅಂದ್ರೆ ಥೈರಾಯ್ಡ್ ಜಾಸ್ತಿ ಅಲ್ಲ

ಮೂಡಿಗೆರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿ ಸೇರಿದ ಹೊಸತು. ಕಾಫಿ ತೋಟದ ಕೆಲಸಕ್ಕೆ ಹೋಗುವ ಅಕ್ಕ ಒಬ್ಬರು ರಿಪೋರ್ಟ್ ತಗೊಳ್ಳಲು ಬಂದಿದ್ದರು. ಥೈರಾಯ್ಡ್ ಪರೀಕ್ಷೆಯಲ್ಲಿ ನೋಡುವ ಟಿಎಸ್‌ಎಚ್ ಅನ್ನುವ ಹಾರ್ಮೋನು 18. ಸಾಮಾನ್ಯವಾಗಿ ಅದು 4ರ ಆಸುಪಾಸು ದಾಟಬಾರದು.

"ಏನಂತೆ ಅಣ್ಣಾ?"

"ಥೈರಾಯ್ಡ್ ಜಾಸ್ತಿ ಅಕ್ಕಾ, ಹೈಪರ್" ಅಂದುಬಿಟ್ಟೆ. ಹೇಳುವುದು ನನ್ನ ಕೆಲಸವೂ ಅಲ್ಲ, ಹೇಳಿದ್ದು ಸರಿಯೂ ಅಲ್ಲ. ಅವರಿಗಿದ್ದದ್ದು ಹೈಪೋ, ಅಂದರೆ ಕಡಿಮೆ. ಡಾಕ್ಟರು ಥೈರಾಯ್ಡ್ ಹಾರ್ಮೋನಿನ ಮಾತ್ರೆ ಬರೆದುಕೊಟ್ಟರು. ಮೊದಲೇ ಜಾಸ್ತಿ ಇರುವಾಗ ಇದನ್ನು ಯಾಕೆ ನುಂಗಲಿ ಅಂತ ಅಕ್ಕ ಒಂದು ತಿಂಗಳು ಡಬ್ಬಿ ಮುಟ್ಟಲೇ ಇಲ್ಲ. ಸುಸ್ತು ಹೆಚ್ಚಾಗಿ ವಾಪಸ್ ಬಂದಾಗಲೇ ನನಗೆ ಗೊತ್ತಾಗಿದ್ದು.

ಆವತ್ತು ಕೂತು ವಿವರಿಸಿದೆ. ಟಿಎಸ್‌ಎಚ್ ಅಂದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ 'ಕೆಲಸ ಮಾಡು' ಅನ್ನುವ ಹಾರ್ಮೋನು. ಹುಟ್ಟುವುದು ಥೈರಾಯ್ಡಿನಲ್ಲಿ ಅಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ. ಅದು ಆಳುಗಳ ಮೇಲೆ ನಿಗಾ ಇಡುವ ತೋಟದ ರೈಟರ ಹಾಗೆ, ಥೈರಾಯ್ಡ್ ಆಳಿನ ಹಾಗೆ. ಆಳುಗಳ ಕೆಲಸ ಸಾಗದಿದ್ದರೆ ರೈಟರ ಕೂಗಾಟ ಜಾಸ್ತಿ. ರಿಪೋರ್ಟಿನಲ್ಲಿ ಏರಿರುವುದು ಆ ಕೂಗು.

"ನಮ್ಮ ರೈಟ್ರು ಕೆಲಸ ಮಾಡಿದ್ರೂ ಕೂಗ್ತಾರೆ" ಅಂದರು ಅಕ್ಕ. ತಮಾಷೆ ಅಂದ್ರೆ ಅಂಥ ಕಾಯಿಲೆಯೂ ಒಂದಿದೆ, ತೀರಾ ಅಪರೂಪ. ಪಿಟ್ಯುಟರಿಯಲ್ಲಿ ಗೆಡ್ಡೆಯಾಗಿ ಟಿಎಸ್‌ಎಚ್, ಥೈರಾಯ್ಡಿನ ಸ್ವಂತ ಹಾರ್ಮೋನಾದ ಟಿ4 ಎರಡೂ ಏರುತ್ತವೆ. ಅದಕ್ಕೇ ಟಿ4 ನೋಡದೆ ಬಾಯಿ ಬಿಡಬಾರದು.

ಈ ಕೂಗು ವರ್ಷಗಟ್ಟಲೆ ನಡೆದರೆ ಗ್ರಂಥಿಯೇ ಊದಿಕೊಳ್ಳುವುದುಂಟು. ಅಯೋಡಿನ್ ಸಾಲದ ಮಲೆನಾಡಿನಲ್ಲಿ ಗಳಗಂಡ ಕಾಣಿಸುತ್ತಿದ್ದದ್ದು ಹೀಗೆ. ಕುತ್ತಿಗೆ ದಪ್ಪ, ಆದರೂ ಕೆಲವರಲ್ಲಿ ಹಾರ್ಮೋನು ಕಡಿಮೆ!

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ದೊಡ್ಡ ಪದ ಬಂದರೆ ಮೊದಲು ಬಾಲ ನೋಡುತ್ತೇನೆ. 'ಎಮಿಯಾ' ಇದ್ದರೆ ರಕ್ತದ ಮಾತು, 'ಯೂರಿಯಾ' ಇದ್ದರೆ ಮೂತ್ರದ್ದು, 'ಮೆಗಲಿ' ಇದ್ದರೆ ಅಂಗವೇ ದೊಡ್ಡದಾಗಿದೆ. ಹೈಪರ್‌ಟ್ರೋಫಿ, ಹೈಪರ್‌ಪ್ಲೇಸಿಯಾ ಮಾತ್ರ ಬಹಳ ದಿನ ಕಾಡಿದವು. ಕೊನೆಗೆ ಕಾಫಿ ಮೂಟೆ ನೆನಪಾಯಿತು. ಕಾಳು ದಪ್ಪವಾದರೂ ಮೂಟೆ ತುಂಬುತ್ತದೆ, ಕಾಳಿನ ಸಂಖ್ಯೆ ಹೆಚ್ಚಿದರೂ ತುಂಬುತ್ತದೆ. ಜೀವಕೋಶ ದಪ್ಪವಾದರೆ ಟ್ರೋಫಿ, ಸಂಖ್ಯೆ ಹೆಚ್ಚಿದರೆ ಪ್ಲೇಸಿಯಾ. ವಯಸ್ಸಾದವರ ಪ್ರಾಸ್ಟೇಟ್ ಊತ ಎರಡನೇ ಜಾತಿ.

ಇನ್ನೊಂದು ಇದೆ, ಇಲ್ಲದ ಜಾಸ್ತಿ. ಒಮ್ಮೆ ನಮ್ಮ ಮಷಿನ್ ಕೆಟ್ಟು ಸ್ಯಾಂಪಲನ್ನು ಬಸ್ಸಿನಲ್ಲಿ ಹಾಸನಕ್ಕೆ ಕಳಿಸಿದೆವು. ಪೊಟ್ಯಾಸಿಯಂ 6.8 ಬಂತು, ಹೈಪರ್‌ಕಲೇಮಿಯಾ, ಅಂದರೆ ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿ. ಹೃದಯಕ್ಕೇ ಕುತ್ತು ತರುವ ನಂಬರು ಅದು. ಆದರೆ ಮನುಷ್ಯ ಎದುರಿಗೇ ಬೋಂಡ ತಿನ್ನುತ್ತಾ ಕೂತಿದ್ದ! ಡಾಕ್ಟರು ತಕ್ಷಣ ಇಸಿಜಿ ತೆಗೆಸಿದರು, ಸರಿಯಾಗಿತ್ತು. ಸೀರಂ, ಅಂದರೆ ರಕ್ತದ ತಿಳಿ ಭಾಗ, ಬೇರ್ಪಡಿಸದೆ ಕಳಿಸಿದ್ದೆ ನಾನು. ದಾರಿಯಲ್ಲಿ ಕೆಂಪು ಕಣಗಳು ಒಡೆದು, ಒಳಗಿನ ಪೊಟ್ಯಾಸಿಯಂ ಹೊರಬಿದ್ದಿತ್ತು. ಮತ್ತೆ ರಕ್ತ ತೆಗೆದು, ಬೇಗ ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿ ಬೇರ್ಪಡಿಸಿ, ಸೀರಂ ಮಾತ್ರ ಕಳಿಸಿದೆ. 4.3, ಸರಿಯಾಗಿತ್ತು.

ಈಗ ಡಾಕ್ಟರಿಗೆ ಫೋನಿನಲ್ಲಿ ಹೈಪರ್, ಹೈಪೋ ಅನ್ನುವುದೇ ಇಲ್ಲ, ಗದ್ದಲದಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ನಂಬರು ಓದುತ್ತೇನೆ, ಅವರು ತಿರುಗಿ ಓದುವವರೆಗೂ ಫೋನ್ ಇಡುವುದಿಲ್ಲ.