300 ಬ್ಲ್ಯಾಕ್‌ಔಟ್‌ಗೆ ಬದಲಾದ ಮೇಲೆ ಕಾಡತೂಸು ಬೆರೆಯದಂತೆ ನೋಡಿಕೊಳ್ಳುವುದು ಹೇಗೆ

ಅಮೆರಿಕದಲ್ಲಿ 5.56 ಅನ್ನುವ ಕಾಡತೂಸು ಹಾರಿಸುವ ಎಆರ್-15 ರೈಫಲ್ ಇಟ್ಟುಕೊಂಡವರು ದೊಡ್ಡ ಗುಂಡು ಬೇಕು ಅಂದಾಗ ಮೊದಲು ನೋಡುವುದು 300 ಬ್ಲ್ಯಾಕ್‌ಔಟ್ ಅನ್ನುವ ಇನ್ನೊಂದು ಕಾಡತೂಸು. ಬ್ಯಾರೆಲ್ (ನಳಿಗೆ) ಒಂದು ಬದಲಾದರೆ ಸಾಕು, ಕಾಡತೂಸನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಅದೇ, ಕಾಡತೂಸು ತುಂಬುವ ಮ್ಯಾಗಜಿನ್ ಅದೇ. ಬದಲಾಯಿಸುವ ಕೆಲಸವನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ಕೊಡಿ, ಇಲ್ಲವೇ ಕಂಪನಿಯಲ್ಲೇ ಜೋಡಿಸಿ ಪರೀಕ್ಷೆ ಮಾಡಿದ ಪೂರ್ತಿ ಅಪ್ಪರ್ (ಬ್ಯಾರೆಲ್ ಇರುವ ರೈಫಲಿನ ಮೇಲಿನ ಭಾಗ) ಕೊಳ್ಳಿ. ನಿಮ್ಮ ರಾಜ್ಯದ ಕಾನೂನನ್ನೂ ಮೊದಲೇ ನೋಡಿ, ಎಲ್ಲ ಕಡೆ ಒಂದೇ ತರ ಇಲ್ಲ. ಭಾರತದಲ್ಲಿ ಇರುವವರು ಈ ಯೋಚನೆಯನ್ನೇ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕನ್ನು ಮಾರ್ಪಾಡು ಮಾಡುವುದಕ್ಕೂ ಲೈಸೆನ್ಸ್ ಬೇಕು.

ನಿಜವಾದ ಅಪಾಯ ಶುರುವಾಗುವುದು ಬ್ಯಾರೆಲ್ ಬದಲಾದ ಮೇಲೆ, ಮನೆಯಲ್ಲಿ ಎರಡೂ ಬಗೆಯ ಬ್ಯಾರೆಲ್, ಎರಡೂ ಕಾಡತೂಸು ಸೇರಿದಾಗ.

5.56ರ ಗುಂಡಿನ ದಪ್ಪ 0.224 ಇಂಚು, ಬ್ಲ್ಯಾಕ್‌ಔಟ್‌ನದು 0.308. ಆದರೆ ಬ್ಲ್ಯಾಕ್‌ಔಟ್‌ನ ಹಿತ್ತಾಳೆ ಕೇಸ್ ಗಿಡ್ಡ, 35 ಮಿಲಿಮೀಟರ್ ಅಷ್ಟೇ, 5.56ರದು 45. ಹಾಗಾಗಿ ಬ್ಲ್ಯಾಕ್‌ಔಟ್ ಕಾಡತೂಸು 5.56ರ ಚೇಂಬರ್ (ಬ್ಯಾರೆಲ್ಲಿನಲ್ಲಿ ಕಾಡತೂಸು ಕೂರುವ ಜಾಗ) ಒಳಗೆ ಹೋಗುತ್ತದೆ, ಬೋಲ್ಟ್ ಮುಂದೆ ಬರುವ ರಭಸಕ್ಕೆ ಗುಂಡು ಕೇಸಿನ ಒಳಕ್ಕೆ ಒತ್ತಿಹೋದರೆ ಬೋಲ್ಟ್ ಪೂರ್ತಿ ಮುಚ್ಚಿಯೂಬಿಡುತ್ತದೆ. ಆಮೇಲೆ ಟ್ರಿಗರ್ ಎಳೆದರೆ ದಪ್ಪ ಗುಂಡಿಗೆ ಸಣ್ಣ ನಳಿಗೆಯಲ್ಲಿ ದಾರಿ ಇಲ್ಲ, ಮದ್ದಿನ ಒತ್ತಡಕ್ಕೂ ಹೋಗಲು ಜಾಗ ಇಲ್ಲ. ರೈಫಲ್ ನಿಮ್ಮ ಮುಖದ ಹತ್ತಿರವೇ ಸಿಡಿಯುತ್ತದೆ. ಉಲ್ಟಾ ತಪ್ಪು ಇಷ್ಟು ಕೆಟ್ಟದ್ದಲ್ಲ, 5.56ರ ಕೇಸ್ ಉದ್ದ ಇರುವುದರಿಂದ ಬ್ಲ್ಯಾಕ್‌ಔಟ್ ಚೇಂಬರಿನಲ್ಲಿ ಸಾಮಾನ್ಯವಾಗಿ ಕೂರುವುದೇ ಇಲ್ಲ.

ಮೊದಲ ಕೆಲಸ, ಮ್ಯಾಗಜಿನ್ ಬೇರೆ ಮಾಡಿ. ಒಂದೇ ಬಣ್ಣದ ಮ್ಯಾಗಜಿನ್ ಎರಡಕ್ಕೂ ಬಳಸಬೇಡಿ. ಬಣ್ಣ ಬೇರೆ ಇದ್ದರೆ ಒಳ್ಳೆಯದು, ಕೈಗೆ ಬೇರೆ ಅನ್ನಿಸಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಸಂಜೆ ಬೆಳಕಲ್ಲಿ ಬಣ್ಣ ಕಾಣುವುದಿಲ್ಲ. ಮ್ಯಾಗ್‌ಪುಲ್ ಕಂಪನಿ ಬ್ಲ್ಯಾಕ್‌ಔಟ್‌ಗೆಂದೇ ಬೇರೆ ಮ್ಯಾಗಜಿನ್ ಮಾಡುತ್ತದೆ. ಅದು ಸಿಗದಿದ್ದರೆ ಅಗಲದ ರಬ್ಬರ್ ಪಟ್ಟಿ ಸುತ್ತಿ, ಎರಡೂ ಬದಿಗೆ ‘300’ ಅಂತ ದಪ್ಪಗೆ ಬರೆಯಿರಿ. ರೈಫಲ್ ಮೇಲೂ, ಖಾಲಿ ಕೇಸ್ ಹೊರಬರುವ ಕಿಂಡಿಯ ಮುಚ್ಚಳದ (ಡಸ್ಟ್ ಕವರ್) ಹತ್ತಿರ, ಅದೇ ಗುರುತು ಇರಲಿ. ಬ್ಯಾರೆಲ್ ಮೇಲೆ ಕೊರೆದದ್ದನ್ನು ಓದದೆ ಲೋಡ್ ಮಾಡಬೇಡಿ.

ಕಾಡತೂಸನ್ನು ಅದು ಬಂದ ಪೆಟ್ಟಿಗೆಯಲ್ಲೇ ಇಡಿ. ಸುಮ್ನೆ ಜೇಬಿಗೆ, ಬ್ಯಾಗಿಗೆ ಬಿಡಿಯಾಗಿ ಹಾಕುವುದೇ ಅರ್ಧ ಅಪಘಾತ. ಕೇಸಿನ ತಳದ ಅಕ್ಷರ ಒಂದನ್ನೇ ನಂಬಿಕೊಂಡು ಕೂರಬೇಡಿ. ಮನೆಯಲ್ಲಿ ಮದ್ದು ತುಂಬಿಕೊಳ್ಳುವವರು ಹಳೆಯ 5.56 ಕೇಸನ್ನೇ ಕತ್ತರಿಸಿ ಬ್ಲ್ಯಾಕ್‌ಔಟ್ ಮಾಡುತ್ತಾರೆ, ಆಗ ತಳದಲ್ಲಿ 5.56 ಅಂತಲೇ ಇರುತ್ತದೆ. ಆಕಾರ ನೋಡಿ: ಗಿಡ್ಡ ಕೇಸ್, ದಪ್ಪ ಗುಂಡು.

ರೇಂಜಿಗೆ ಹೋಗುವಾಗ ಒಂದೇ ಕ್ಯಾಲಿಬರ್ ತೆಗೆದುಕೊಂಡು ಹೋಗಿ. ಇದೊಂದು ನಿಯಮ ಪಾಲಿಸಿದರೆ ಉಳಿದ ತಪ್ಪುಗಳಿಗೆ ಅವಕಾಶವೇ ಕಮ್ಮಿ. ಎರಡೂ ಬೇಕೇ ಬೇಕು ಅಂದರೆ ಒಂದನ್ನು ಮುಗಿಸಿ, ಅದರ ಮ್ಯಾಗಜಿನ್, ಉಳಿದ ಕಾಡತೂಸು ಎಲ್ಲ ಕಾರಿನಲ್ಲಿ ಬೀಗ ಹಾಕಿ ಇಟ್ಟು, ಆಮೇಲೆ ಇನ್ನೊಂದನ್ನು ತೆಗೆಯಿರಿ. ಜೊತೆಗೆ ಬಂದ ಗೆಳೆಯರಿಗೂ ಹೇಳಿ, ಅವರೇ ಮ್ಯಾಗಜಿನ್ ತುಂಬಿ ಕೊಡುತ್ತಾರೆ ಅಲ್ವಾ?

ಬೋಲ್ಟ್ ಪೂರ್ತಿ ಮುಚ್ಚದಿದ್ದರೆ ಅಲ್ಲಿಗೇ ನಿಲ್ಲಿಸಿ. ಫಾರ್ವರ್ಡ್ ಅಸಿಸ್ಟ್ (ಬೋಲ್ಟನ್ನು ಮುಂದೆ ತಳ್ಳುವ ಗುಂಡಿ) ಗುದ್ದಿ ಕೂರಿಸಲು ಹೋಗಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಮ್ಯಾಗಜಿನ್ ತೆಗೆದು, ಕಾಡತೂಸನ್ನು ಹೊರಗೆಳೆದು ಯಾವುದು ಅಂತ ನೋಡಿ. ಅದು ಸುಲಭವಾಗಿ ಬರದಿದ್ದರೆ ಎಳೆದಾಡದೆ ರೇಂಜ್ ಆಫೀಸರನ್ನು ಕರೆಯಿರಿ. ಹೊಡೆದಾಗ ಶಬ್ದ ಮೆತ್ತಗೆ ಬಂದರೂ ಅಷ್ಟೇ, ಇನ್ನೊಂದು ಗುಂಡು ಹಾರಿಸಬೇಡಿ, ಹಿಂದಿನದು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಕಣ್ಣು ಕಾಯುವ ಕನ್ನಡಕ ಮಾತ್ರ ಯಾವತ್ತೂ ತೆಗೆಯಬೇಡಿ.