ಬಿತ್ತನೆಗೆ ಮುಂಚಿನ ಆರು ವಾರ

ನನ್ನ ತರಕಾರಿ ತೋಟ ಅಂದರೆ ಮನೆ ಹಿಂದಿನ ನಾಲ್ಕು ಮಡಿ. ಒಂದೊಂದೂ 4 ಅಡಿ ಅಗಲ, 8 ಅಡಿ ಉದ್ದ. ಮಧ್ಯೆ ಓಡಾಡಲು ಒಂದೂವರೆ ಅಡಿ ದಾರಿ. 4 ಅಡಿಗಿಂತ ಅಗಲ ಮಾಡಿಲ್ಲ. ಎರಡೂ ಕಡೆಯಿಂದ ಕೈ ಚಾಚಿದರೆ ನಡುಮಧ್ಯದ ಗಿಡ ಸಿಗಬೇಕು, ಮಡಿಯೊಳಗೆ ಕಾಲಿಡುವ ಹಾಗಾಗಬಾರದು. ತುಳಿದು ಗಟ್ಟಿಯಾದ ಮಣ್ಣಿನಲ್ಲಿ ನೀರೂ ಇಳಿಯುವುದಿಲ್ಲ, ಬೇರೂ ಇಳಿಯುವುದಿಲ್ಲ.

ಮೊದಲೆರಡು ಹಂಗಾಮು ಬೀಜ ತಂದ ದಿನವೇ ಬಿತ್ತಿದ್ದೆ. ನಾಲ್ಕೂ ಮಡಿಗೆ, ಒಂದೇ ದಿನ. ಮೂಲಂಗಿ ಎಲ್ಲವೂ ಒಟ್ಟಿಗೆ ಬಲಿತವು. ತಿಂದು, ಹಂಚಿ ಮುಗಿಸುವಷ್ಟರಲ್ಲಿ ಅರ್ಧ ಬೆಂಡಾಗಿದ್ದವು. ಕೊತ್ತಂಬರಿ ಒಂದೇ ವಾರದಲ್ಲಿ ಪೂರ್ತಿ ಹೂವಿಗೆ ಹೋಯಿತು. ಆಮೇಲೆ ಎರಡು ತಿಂಗಳು ಎರಡು ಮಡಿ ಖಾಲಿ ಬಿದ್ದಿದ್ದವು, ಕಳೆ ಬೆಳೆಯಿತು. ತುಂಬಾ ಬೇಜಾರಾಗಿತ್ತು.

ಈಗ ಬಿತ್ತನೆಗೆ ಆರು ವಾರ ಇರುವಾಗಲೇ ನೋಟ್‌ಬುಕ್ ಹಿಡಿದು ಕೂರುತ್ತೇನೆ. ಪ್ರತಿ ಬೆಳೆಗೂ ನಾಲ್ಕು ತಾರೀಖು ಬರೆದಿಟ್ಟಿರುತ್ತೇನೆ. ಬಿತ್ತಿದ್ದು ಯಾವಾಗ, ಮೊದಲ ಕೊಯ್ಲು ಯಾವಾಗ, ಕೊನೆಯ ಕೊಯ್ಲು ಯಾವಾಗ, ಮಡಿ ಖಾಲಿಯಾಗಿದ್ದು ಯಾವಾಗ. ಈ ಕೊನೆಯ ತಾರೀಖೇ ನನಗೆ ಜಾಸ್ತಿ ಕೆಲಸಕ್ಕೆ ಬಂದಿದ್ದು. ಮೂಲಂಗಿ 30 ದಿನಕ್ಕೆ ಜಾಗ ಬಿಡುತ್ತದೆ. ಟೊಮೆಟೊ ಸಸಿ ನೆಟ್ಟರೆ ನಾಲ್ಕು ತಿಂಗಳು ಆ ಜಾಗ ಅದರದ್ದೇ. ಇದು ಗೊತ್ತಿದ್ದರೆ ಮುಂದಿನ ಬೆಳೆಯ ಸಸಿಯನ್ನು ಯಾವಾಗ ತಯಾರು ಮಾಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಆದರೆ ನೋಟ್‌ಬುಕ್ ತೆರೆಯುವ ಮೊದಲು ಒಂದು ಕೆಲಸ ಇದೆ. ಹಳೆ ಗಿಡಗಳ ಬೇರು ನೋಡಬೇಕು.

ಹಂಗಾಮು ಮುಗಿದ ಗಿಡವನ್ನು ನಾನು ಎಳೆದು ಕೀಳುವುದಿಲ್ಲ. ಸುತ್ತ ಸಲಿಕೆ ಹಾಕಿ, ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ಬೇರು ತೊಳೆಯುತ್ತೇನೆ. ಮೂರು ವರ್ಷದ ಹಿಂದೆ ಬೆಂಡೆ ಗಿಡ ಯಾಕೋ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತ್ತು. ಮಧ್ಯಾಹ್ನ ಬಾಡುತ್ತಿತ್ತು, ಸಂಜೆ ಚೇತರಿಸಿಕೊಳ್ಳುತ್ತಿತ್ತು. ನೀರು ಸಾಲದು ಅಂದುಕೊಂಡು ಇನ್ನಷ್ಟು ಹಾಕಿದೆ. ಗೊಬ್ಬರ ಕೊಟ್ಟೆ. ಏನೂ ಆಗಲಿಲ್ಲ. ಕೊನೆಗೆ ಒಂದು ಗಿಡ ಎತ್ತಿ ತೊಳೆದು ನೋಡಿದರೆ ಬೇರಿನ ತುಂಬಾ ಗಂಟು. ಶುಂಠಿಯ ಹಾಗೆ ಉಬ್ಬಿ ತಿರುಚಿಕೊಂಡಿತ್ತು. ಬೇರುಗಂಟು ಜಂತುಹುಳುವಿನ ಕೆಲಸ ಅದು. ಹುಳು ಕಣ್ಣಿಗೆ ಕಾಣುವುದಿಲ್ಲ, ಗಂಟು ಮಾತ್ರ ಕಾಣುತ್ತದೆ.

ಹಾಗಂತ ಬೇರಿನಲ್ಲಿ ಗಂಟು ಕಂಡ ಕೂಡಲೇ ಹೆದರಬೇಕಾಗಿಲ್ಲ. ಬೀನ್ಸ್, ಅಲಸಂದೆ, ಬಟಾಣಿ ಬೇರಿನಲ್ಲೂ ಗಂಟು ಇರುತ್ತದೆ. ಅದು ಒಳ್ಳೆಯ ಗಂಟು. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಸಿಗುವ ಹಾಗೆ ಮಾಡುತ್ತದೆ. ಎರಡನ್ನೂ ಗುರುತಿಸುವುದು ಸುಲಭ. ಬೀನ್ಸ್‌ನ ಗಂಟು ಮಣಿಯ ಹಾಗೆ ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ಒತ್ತಿದರೆ ಉದುರುತ್ತದೆ. ಸೀಳಿ ನೋಡಿದರೆ ಒಳಗೆ ನಸುಗೆಂಪು. ಕೆಲಸ ಮಾಡುತ್ತಿರುವ ಗಂಟಿನ ಬಣ್ಣ ಅದು. ಜಂತುಹುಳುವಿನ ಗಂಟು ಉದುರುವುದಿಲ್ಲ, ಯಾಕೆಂದರೆ ಅಲ್ಲಿ ಬೇರೇ ಊದಿಕೊಂಡಿರುತ್ತದೆ.

ನನ್ನ ತಪ್ಪು ಎಲ್ಲಿ ಆಗಿತ್ತು ಅಂದರೆ, ಆ ಮಡಿಯಲ್ಲಿ ಹಿಂದಿನ ಹಂಗಾಮಿಗೆ ಟೊಮೆಟೊ ಇತ್ತು. ಬೆಳೆ ಬದಲಾಯಿಸಬೇಕು ಅನ್ನುವುದು ನನಗೆ ಗೊತ್ತಿತ್ತು. ಟೊಮೆಟೊ, ಬದನೆ, ಮೆಣಸಿನಕಾಯಿ, ದೊಣ್ಣೆಮೆಣಸು, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ, ಒಂದರ ಹಿಂದೆ ಒಂದು ಹಾಕಬಾರದು. ಬೆಂಡೆ ಬೇರೆ ಕುಟುಂಬ, ಹಾಗಾಗಿ ಸರಿ ಅಂದುಕೊಂಡೆ. ಆದರೆ ಬೇರುಗಂಟು ಹುಳುವಿಗೆ ಟೊಮೆಟೊ ಎಷ್ಟು ಇಷ್ಟವೋ ಬೆಂಡೆಯೂ ಅಷ್ಟೇ ಇಷ್ಟ. ಕುಟುಂಬ ಬದಲಾದರೂ ಹುಳುವಿನ ಊಟ ಬದಲಾಗಲಿಲ್ಲ. ಅಂದಿನಿಂದ ಮಡಿ ಹಂಚುವಾಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇಲ್ಲಿ ಹಿಂದೆ ಯಾವ ಕುಟುಂಬ ಇತ್ತು? ಹಿಂದಿನ ಗಿಡದ ಬೇರಿನಲ್ಲಿ ಏನು ಕಂಡಿತು?

ಆ ಮಡಿಗೆ ಮುಂದಿನ ಹಂಗಾಮಿನಲ್ಲಿ ತರಕಾರಿ ಹಾಕಲೇ ಇಲ್ಲ. ಹುಳು ಕಡಿಮೆಯಾಗಲಿ ಅಂತ ಪೂರ್ತಿ ಚೆಂಡುಹೂ ಒತ್ತಾಗಿ ಬೆಳೆಸಿ, ಮೂರು ತಿಂಗಳು ಬಿಟ್ಟು, ಗಿಡ ಕತ್ತರಿಸಿ ಮಣ್ಣಿಗೇ ಸೇರಿಸಿದೆ. ಅಂಚಿನಲ್ಲಿ ನಾಲ್ಕು ಚೆಂಡುಹೂ ಗಿಡ ನೆಟ್ಟರೆ ಸಾಲದು, ಇಡೀ ಮಡಿ ಅದೇ ಇರಬೇಕು. ಕಾಲು ಭಾಗ ತೋಟ ಒಂದು ಹಂಗಾಮು ತರಕಾರಿ ಕೊಡುವುದಿಲ್ಲ ಅಂದರೆ ಮನಸ್ಸಿಗೆ ಕಷ್ಟ. ಆದರೂ ಮಾಡಿದ್ದು ಒಳ್ಳೆಯದಾಯಿತು. ಹುಳು ಪೂರ್ತಿ ಹೋಗಿಲ್ಲ, ಈಗ ಬೇರಿನಲ್ಲಿ ಅಲ್ಲೊಂದು ಇಲ್ಲೊಂದು ಗಂಟು ಕಾಣುತ್ತದೆ ಅಷ್ಟೇ. ಗಿಡ ತಡೆದುಕೊಳ್ಳುತ್ತದೆ.

ಬೇರು ನೋಡಿ ಆದ ಮೇಲೆ ಬಿಸಿಲು. ಒಂದು ಪೂರ್ತಿ ದಿನ, ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ, ಎರಡೆರಡು ಗಂಟೆಗೊಮ್ಮೆ ಹೋಗಿ ಯಾವ ಮಡಿಗೆ ನೆರಳು ಬಿದ್ದಿದೆ ಅಂತ ಬರೆದುಕೊಳ್ಳುತ್ತೇನೆ. ಇದನ್ನು ಒಮ್ಮೆ ಮಾಡಿ ಬಿಡುವ ಹಾಗಿಲ್ಲ. ಸೂರ್ಯನ ದಾರಿ ವರ್ಷದುದ್ದಕ್ಕೂ ಸರಿಯುತ್ತಾ ಇರುತ್ತದೆ, ಪಕ್ಕದ ಮರವೂ ಬೆಳೆಯುತ್ತಾ ಇರುತ್ತದೆ. ಕಾಯಿ ಬಿಡುವ ಗಿಡಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೇಕು. ನನ್ನ ಗೋಡೆ ಪಕ್ಕದ ಮಡಿಗೆ ಸಿಗುವುದು ನಾಲ್ಕೇ ಗಂಟೆ. ಅಲ್ಲಿ ಬದನೆ ಹಾಕಿದಾಗ ಎಲೆ ಸೊಗಸಾಗಿ ಬಂತು, ಕಾಯಿ ಬರಲಿಲ್ಲ. ಈಗ ಅದು ಪಾಲಕ್, ಮೆಂತ್ಯ, ಕೊತ್ತಂಬರಿಯ ಮಡಿ. ಅವು ಅಷ್ಟು ಬಿಸಿಲಲ್ಲೂ ಖುಷಿಯಾಗಿರುತ್ತವೆ. ಬಿಸಿಲು ಜೋರಿದ್ದಾಗ ಆ ನೆರಳಿನಿಂದ ಉಪಕಾರವೇ ಆಗುತ್ತದೆ, ಸೊಪ್ಪು ಬೇಗ ಹೂವಿಗೆ ಹೋಗುವುದಿಲ್ಲ. ಬಳ್ಳಿಯ ಚಪ್ಪರವನ್ನು ಮಾತ್ರ ಅದರ ನೆರಳು ಬೇರೆ ಮಡಿಯ ಮೇಲೆ ಬೀಳದ ಕಡೆ ಹಾಕುತ್ತೇನೆ.

ಆಮೇಲೆ ನಕ್ಷೆ. ಇದು ನನಗೆ ತುಂಬಾ ಇಷ್ಟದ ಕೆಲಸ. ಚೌಕುಳಿ ಹಾಳೆಯ ಮೇಲೆ 1 ಅಡಿಗೆ 2 ಸೆಂಟಿಮೀಟರ್ ಲೆಕ್ಕದಲ್ಲಿ ನಾಲ್ಕು ಮಡಿ ಬರೆದಿದ್ದೇನೆ. ಹಳೆ ರಟ್ಟಿನಿಂದ ಗಿಡಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಟೊಮೆಟೊಗೆ 2 ಅಡಿ ಅಂತರ ಬೇಕು, ಅಂದರೆ 4 ಸೆಂಟಿಮೀಟರ್ ಅಗಲದ ಬಿಲ್ಲೆ. ಬಿಲ್ಲೆಗಳನ್ನು ಒಂದಕ್ಕೊಂದು ಮುಟ್ಟಿಸಿ ಜೋಡಿಸಿದರೆ ಒಂದು ಮಡಿಗೆ ಎಂಟೇ ಹಿಡಿಯುತ್ತವೆ. ಮೊದಲ ವರ್ಷ ಅದೇ ಮಡಿಗೆ ಇಪ್ಪತ್ತು ಸಸಿ ನೆಟ್ಟಿದ್ದೆ. ಗೇಣುದ್ದದ ಸಸಿ ನೋಡುವಾಗ 2 ಅಡಿ ಜಾಗ ಸುಮ್ನೆ ಹಾಳು ಅನ್ನಿಸುತ್ತದೆ, ಅಲ್ವಾ? ಎರಡು ತಿಂಗಳಾದ ಮೇಲೆ ಗಿಡಗಳ ಮಧ್ಯೆ ಗಾಳಿಯೇ ಆಡಲಿಲ್ಲ. ಕೆಳಗಿನ ಎಲೆಗಳಿಗೆ ಚುಕ್ಕೆ ರೋಗ ಬಂದು ಮೇಲಕ್ಕೆ ಹತ್ತಿತು. ಎಂಟು ಗಿಡದಿಂದ ಈಗ ಸಿಗುವಷ್ಟು ಹಣ್ಣು ಅವತ್ತು ಇಪ್ಪತ್ತರಿಂದ ಸಿಗಲಿಲ್ಲ. ಈಗ ಬಿಲ್ಲೆ ಹಿಡಿಯದಿದ್ದರೆ ಆ ಗಿಡ ಈ ಸಲ ಇಲ್ಲ ಅಂತಲೇ ಲೆಕ್ಕ.

ಏನು ಬೆಳೆಯಬೇಕು ಅನ್ನುವುದನ್ನು ಮನೆಯವರನ್ನೆಲ್ಲ ಕೇಳಿ ತೀರ್ಮಾನಿಸುತ್ತೇನೆ. ಯಾರೂ ತಿನ್ನದ ತರಕಾರಿಗೆ ಜಾಗ ಕೊಡುವುದಿಲ್ಲ. ಸೋರೆ ಬಳ್ಳಿ ಒಂದೇ ಸಾಕು.

ತಾರೀಖು ಗೊತ್ತು ಮಾಡುವಾಗ ಹಿಂದಿನಿಂದ ಎಣಿಸುತ್ತೇನೆ. ಟೊಮೆಟೊ ಹೂ ಬಿಡುವ ಹೊತ್ತಿಗೆ ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಹೂ ಉದುರುತ್ತದೆ. ಹಾಗಾಗಿ ಕಡು ಬಿಸಿಲು ಶುರುವಾಗುವ ಮೊದಲೇ ಹೂವೂ ಕಾಯಿಯೂ ಆಗಿರಬೇಕು. ನೆಟ್ಟ ಮೇಲೆ ಮೊದಲ ಹಣ್ಣಿಗೆ 60ರಿಂದ 80 ದಿನ. ಸಸಿ ಮಾಡುವುದಕ್ಕೆ ಅದಕ್ಕೂ ಮುಂಚೆ 4ರಿಂದ 6 ವಾರ. ಆರು ವಾರ ಮುಂಚೆ ಕೂರುತ್ತೇನೆ ಅಂದೆನಲ್ಲ, ಅದಕ್ಕೆ ಕಾರಣ ಇದೇ. ಮಡಿ ತಯಾರಾಗುವ ದಿನಕ್ಕೆ ಸಸಿಯೂ ತಯಾರಿರಬೇಕು. ಹಿಮ ಬೀಳುವ ಕಡೆ ಇರುವವರು ಕೊನೆಯ ಹಿಮ ಮುಗಿಯುವ ದಿನದಿಂದ ಇದೇ ರೀತಿ ಹಿಂದಕ್ಕೆ ಎಣಿಸಬೇಕು.

ಮೂಲಂಗಿ, ಸೊಪ್ಪು, ಬೀನ್ಸ್‌ಗೆ ಒಂದೇ ತಾರೀಖು ಇಡುವುದಿಲ್ಲ. ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ. ಒಂದು ಸಲಕ್ಕೆ ಒಂದೇ ಸಾಲು ಮೂಲಂಗಿ. ಮೊದಲ ಸಾಲು ಕಿತ್ತ ಜಾಗಕ್ಕೆ ಅದೇ ದಿನ ಒಂದು ಬುಟ್ಟಿ ಕಾಂಪೋಸ್ಟ್ ಸೇರಿಸಿ ಬೇರೆ ಏನಾದರೂ ಬಿತ್ತುತ್ತೇನೆ. ಇದನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಅದಕ್ಕೇ ಬೀಜವನ್ನು ಮೊದಲೇ ಸಣ್ಣ ಸಣ್ಣ ಲಕೋಟೆಗೆ ಹಂಚಿ, ಮೇಲೆ ತಾರೀಖು ಬರೆದು, ಒಂದು ಡಬ್ಬದಲ್ಲಿ ಸಾಲಾಗಿ ನಿಲ್ಲಿಸುತ್ತೇನೆ. ಆ ವಾರದ ಲಕೋಟೆ ತೆಗೆದು ಬಿತ್ತಿದರೆ ಮುಗಿಯಿತು. ಪೂರ್ತಿ ಪೊಟ್ಟಣ ಸುರಿಯುವ ಆಸೆಯೂ ಬರುವುದಿಲ್ಲ.

ಹಂಚುವ ಮೊದಲು ಹಳೆ ಬೀಜಕ್ಕೆ ಪರೀಕ್ಷೆ. ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿಟ್ಟು, ಬೆಚ್ಚಗಿನ ಜಾಗದಲ್ಲಿ ಇಡುತ್ತೇನೆ. ಬಟ್ಟೆ ಒದ್ದೆ ಇರಬೇಕು, ನೀರು ಸೋರಬಾರದು. ಬೀನ್ಸ್, ಮೂಲಂಗಿ ನಾಲ್ಕೈದು ದಿನಕ್ಕೆ ಗೊತ್ತಾಗುತ್ತದೆ. ಮೆಣಸಿನಕಾಯಿ, ಕ್ಯಾರೆಟ್‌ಗೆ ಎರಡು ವಾರ ಕಾಯಬೇಕು, ಅವಸರಪಟ್ಟು ಎಸೆಯಬಾರದು. ಹತ್ತರಲ್ಲಿ ಎಂಟು ಮೊಳೆತರೆ ನಿಶ್ಚಿಂತೆ. ಐದು ಮೊಳೆತರೆ ಎರಡು ಪಟ್ಟು ಬಿತ್ತುತ್ತೇನೆ. ಅದಕ್ಕಿಂತ ಕಡಿಮೆಯಾದರೆ ಹೊಸದು. ಸೌತೆ, ಟೊಮೆಟೊ ಬೀಜ ತಂಪಾಗಿ, ಒಣಗಿದ ಜಾಗದಲ್ಲಿಟ್ಟರೆ ನಾಲ್ಕೈದು ವರ್ಷ ಚೆನ್ನಾಗಿರುತ್ತದೆ. ಈರುಳ್ಳಿ ಬೀಜ ಮಾತ್ರ ಒಂದೆರಡು ವರ್ಷಕ್ಕೆ ಮುಗಿಯುತ್ತದೆ, ಅದನ್ನು ಪ್ರತಿ ವರ್ಷ ಹೊಸದೇ ತರುತ್ತೇನೆ.

ಇನ್ನು ಗೊಬ್ಬರ, ನೀರಿನ ಲೆಕ್ಕ. ಒಂದು ಮಡಿ ಅಂದರೆ 32 ಚದರ ಅಡಿ, ಸುಮಾರು 3 ಚದರ ಮೀಟರ್. ಅದರ ಮೇಲೆ 1 ಇಂಚು ದಪ್ಪ ಕಾಂಪೋಸ್ಟ್ ಹರಡಲು 75 ಲೀಟರ್ ಬೇಕು, ಅಂದರೆ 15 ಲೀಟರ್ ಬಕೆಟ್‌ನಲ್ಲಿ ಐದು. ನಾಲ್ಕು ಮಡಿಗೆ ಇಪ್ಪತ್ತು ಬಕೆಟ್. ನನ್ನ ಗುಂಡಿಯಲ್ಲಿ ಅಷ್ಟು ಯಾವತ್ತೂ ಇರುವುದಿಲ್ಲ. ಇದ್ದಷ್ಟರಲ್ಲಿ ಟೊಮೆಟೊ ಮತ್ತು ಬಳ್ಳಿಯ ಮಡಿಗೆ ಪೂರ್ತಿ ಕೊಡುತ್ತೇನೆ, ಸೊಪ್ಪಿಗೆ ಅರ್ಧ, ಬೀನ್ಸ್‌ಗೆ ಒಂದು ಬಕೆಟ್. ಬೀನ್ಸ್‌ಗೆ ಸಾರಜನಕ ಜಾಸ್ತಿಯಾದರೆ ಎಲೆಯೇ ಬೆಳೆಯುತ್ತದೆ, ಬೇರಿನ ಗಂಟೂ ಕಡಿಮೆಯಾಗುತ್ತದೆ. ನೀರಿಗೂ ಇದೇ ಅಂಕಿ. ವಾರಕ್ಕೆ 1 ಇಂಚು ಅಂದರೆ ಮಡಿಗೆ 75 ಲೀಟರ್, ಮಳೆ ಬಂದರೆ ಅಷ್ಟು ಕಳೆಯಬಹುದು. ಪೈಪ್ ಎಷ್ಟು ಹೊತ್ತು ಬಿಡಬೇಕು ಅಂತ ಬಕೆಟ್ ತುಂಬಿಸಿ ಗಡಿಯಾರ ನೋಡಿ ಗೊತ್ತು ಮಾಡಿಕೊಂಡೆ. ನನ್ನ ನಲ್ಲಿ ಒಂದು ಬಕೆಟ್ ತುಂಬಲು ಎರಡು ನಿಮಿಷ ತೆಗೆದುಕೊಳ್ಳುತ್ತದೆ, ಹಾಗಾಗಿ ಮಡಿಗೆ ವಾರಕ್ಕೆ ಹತ್ತು ನಿಮಿಷ. ಅದನ್ನು ಎರಡು ಮೂರು ಸಲಕ್ಕೆ ಹಂಚುತ್ತೇನೆ. ಒಮ್ಮೆ ಒಣಗಿಸಿ ಇನ್ನೊಮ್ಮೆ ಮುಳುಗಿಸಿದರೆ ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ, ಹಣ್ಣು ಬಿರಿಯುತ್ತದೆ. ಒಣ ಎಲೆಯ ಹೊದಿಕೆ ಎರಡು ಮೂರು ಇಂಚು ಹಾಕಿದ ಮೇಲೆ ಈ ತೊಂದರೆ ಎಷ್ಟೋ ಕಡಿಮೆಯಾಯಿತು.

ಈ ಸಲದ ನಕ್ಷೆ ಮುಗಿದಿದೆ. ಚೆಂಡುಹೂ ಹಾಕಿದ್ದ ಮಡಿಗೆ ಬೀನ್ಸ್ ಬೇಡ ಅಂತ ಬಿಟ್ಟೆ, ಅದೂ ಬೇರುಗಂಟು ಹುಳುವಿಗೆ ಸಿಕ್ಕಿಬೀಳುತ್ತದೆ. ಅಲ್ಲಿ ಈರುಳ್ಳಿ. ಬೀನ್ಸ್ ಇದ್ದ ಮಡಿಗೆ ಟೊಮೆಟೊ, ಟೊಮೆಟೊ ಇದ್ದಲ್ಲಿಗೆ ಕ್ಯಾರೆಟ್ ಅಂತ ಬರೆದಿದ್ದೆ. ನಿನ್ನೆ ಅಲ್ಲಿನ ಕೊನೆಯ ಟೊಮೆಟೊ ಗಿಡ ಎತ್ತಿ ಬೇರು ತೊಳೆದೆ. ಸ್ವಚ್ಛವಾಗಿತ್ತು, ಬೆಳ್ಳಗೆ, ಒಂದೂ ಗಂಟಿಲ್ಲ. ಕ್ಯಾರೆಟ್ ಸಾಲಿನ ಜೊತೆ ಅಲ್ಲಲ್ಲಿ ಮೂಲಂಗಿ ಬೀಜವನ್ನೂ ಬಿತ್ತುತ್ತೇನೆ. ಅದು ನಾಲ್ಕೇ ದಿನಕ್ಕೆ ಎದ್ದು ಸಾಲು ಎಲ್ಲಿದೆ ಅಂತ ತೋರಿಸುತ್ತದೆ, ಕ್ಯಾರೆಟ್‌ಗೆ ಜಾಗ ಬೇಕಾಗುವ ಹೊತ್ತಿಗೆ ಕಿತ್ತು ಆಗಿರುತ್ತದೆ. ಮೊದಲ ಲಕೋಟೆಯ ಮೇಲೆ ಬರೆದ ತಾರೀಖಿಗೆ ಇನ್ನು ಒಂಬತ್ತು ದಿನ ಇದೆ.